ಗೋಡೆ ನೋಡಿದಿರಿ, ಕಾಗದ ಓದಿದಿರಾ?



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ಹಿರಿಯರು ಹೇಳಿದರು. ಈಗ ಕಟ್ಟಿದ ಮನೆಯನ್ನೇ ಕೊಳ್ಳುವವರು ಬಹಳ ಜನ. ಕೊಳ್ಳುವುದೂ ಸುಲಭವಲ್ಲ ಕಣ್ರಮ್ಮ.

ನಮ್ಮ ಅಂತರಸನಹಳ್ಳಿಯನ್ನೇ ನೋಡಿ. ಬೆಂಗಳೂರು–ಪುಣೆ ಹೆದ್ದಾರಿ ಹತ್ತಿರವಿದೆ. ಕೈಗಾರಿಕಾ ಪ್ರದೇಶವಿದೆ. ತರಕಾರಿ ಮಾರುಕಟ್ಟೆಯಿದೆ. ಕೆಲಸ ಇದ್ದ ಕಡೆ ಜನ ಬರುತ್ತಾರೆ. ಬಂದವರಿಗೆ ಮನೆ ಬೇಕು. ಮನೆ ಬೇಕಾದಾಗ ಹೊಲದಲ್ಲಿ ಸೈಟಿನ ಕಲ್ಲು ಏಳುತ್ತದೆ.

ಮನೆ ಕೊಳ್ಳುವವರು ಇವತ್ತು ಏನು ನೋಡುತ್ತಾರೆ? ಬಸ್ಸು ಹತ್ತಿರವೇ, ಶಾಲೆ ಹತ್ತಿರವೇ ಅಂತ ಕೇಳುತ್ತಾರೆ. ಬೈಕು ನಿಲ್ಲಿಸಲು ಜಾಗ ನೋಡುತ್ತಾರೆ. ಬಾಗಿಲು ಪೂರ್ವಕ್ಕಿದೆಯೇ ಅಂತ ವಾಸ್ತು ನೋಡುತ್ತಾರೆ. ನೆಲದ ಟೈಲ್ಸ್ ನೋಡುತ್ತಾರೆ. ನೋಡಲಿ, ತಪ್ಪಿಲ್ಲ. ಆದರೆ ಮನೆಯಲ್ಲಿ ನೀರು ಹಿಡಿಯುವವರು, ಅಡಿಗೆ ಮಾಡುವವರು ನಾವು. ನಾವು ನೋಡಬೇಕಾದ್ದು ಬೇರೆಯೂ ಇದೆ.

ಮೊದಲು ನೀರು. ತುಮಕೂರು ನಗರಕ್ಕೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಬರುತ್ತದೆ. ಆ ನೀರಿನ ನಲ್ಲಿ ಈ ಬೀದಿಗೆ ಬಂದಿದೆಯೇ? ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ? ಬೋರ್‌ವೆಲ್ ಇದ್ದರೆ ಬೇಸಿಗೆಯಲ್ಲಿ ನೀರು ಸಿಗುತ್ತದೆಯೇ? ಇದನ್ನು ಮಾರುವವರನ್ನು ಮಾತ್ರ ಕೇಳಿದರೆ ಸಾಲದು. ಪಕ್ಕದ ಮನೆಯ ಹೆಂಗಸರನ್ನು ಕೇಳಿ. ಅವರು ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ.

ಆಮೇಲೆ ಚರಂಡಿ, ಬೀದಿದೀಪ. ಮಳೆ ಬಂದ ದಿನ ಒಮ್ಮೆ ಹೋಗಿ. ಕತ್ತಲಾದ ಮೇಲೆ ಒಮ್ಮೆ ಹೋಗಿ. ರಾತ್ರಿ ಪಾಳಿ ಮುಗಿಸಿ ಬರುವ ಮಗಳು ಆ ದಾರಿಯಲ್ಲೇ ನಡೆಯಬೇಕಲ್ಲವೇ? ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಹೊಸ ಬಣ್ಣ ತೇವವನ್ನು ಮುಚ್ಚುತ್ತದೆ.

ಇಷ್ಟೆಲ್ಲ ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಕಾಗದದಲ್ಲಿದೆ. ಅಕ್ಷರ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಒಂದು, ಕ್ರಯಪತ್ರ. ಮಾರುವವರಿಗೆ ಈ ಆಸ್ತಿ ಹೇಗೆ ಬಂತು ಅಂತ ಕೇಳಿ. ಜೆರಾಕ್ಸ್ ಸಾಲದು, ಮೂಲಪತ್ರ ನೋಡಿ. ಅದರಲ್ಲಿ ಚೆಕ್ಕುಬಂದಿ ಬರೆದಿರುತ್ತದೆ. ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಏನು ಅಂತ ಅದು ಹೇಳುತ್ತದೆ. ಜಾಗದಲ್ಲೇ ನಿಂತು ಓದಿ. ಟೇಪು ಹಿಡಿದು ಅಳೆಯಿರಿ. 30 ಅಡಿ ಅಗಲ, 40 ಅಡಿ ಉದ್ದ ಇದ್ದರೆ 1,200 ಚದರ ಅಡಿ.

ಎರಡು, ಖಾತೆ. ನಗರದಲ್ಲಿ ಪಾಲಿಕೆಯ ಇ-ಖಾತೆ ಕೇಳಿ. ಹಳ್ಳಿಯಲ್ಲಿ ಪಂಚಾಯಿತಿಯ ಇ-ಸ್ವತ್ತು ಕೇಳಿ. ಕಂದಾಯ ಕಟ್ಟಿದ ರಸೀತಿಯನ್ನೂ ನೋಡಿ.

ಮೂರು, ಋಣಭಾರ ಪತ್ರ. ಇದಕ್ಕೆ 'ಇ.ಸಿ.' ಅಂತಾರೆ. ನೋಂದಣಿಯಾದ ಅಡಮಾನ, ಮಾರಾಟ ಇದರಲ್ಲಿ ಗೊತ್ತಾಗುತ್ತದೆ. ಉಪನೋಂದಣಿ ಕಚೇರಿಯ ಲೆಕ್ಕದಿಂದ ಇದು ಸಿಗುತ್ತದೆ.

ನಾಲ್ಕು, ಭೂ ಪರಿವರ್ತನೆ. ಮೊದಲು ಹೊಲವಾಗಿದ್ದ ಜಾಗದಲ್ಲಿ ಮನೆ ಕಟ್ಟಲು ಸರ್ಕಾರದ ಒಪ್ಪಿಗೆ ಬೇಕು. ಬಡಾವಣೆಯ ನಕ್ಷೆಗೂ ಮಂಜೂರಾತಿ ಬೇಕು. 'ರೆವಿನ್ಯೂ ಸೈಟು, ಕಡಿಮೆ ಬೆಲೆ' ಅಂದರೆ ಎಚ್ಚರ. ಇವತ್ತು ಉಳಿದ ದುಡ್ಡು ನಾಳೆ ಅಲೆದಾಟಕ್ಕೆ ಹೋಗುತ್ತದೆ.

ಐದು, ಪಾಲುದಾರರ ಸಹಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. 2005ರ ಕಾಯ್ದೆ ತಿದ್ದುಪಡಿ ಹೀಗೆ ಹೇಳಿದೆ. ಮಾರುವವರ ಅಕ್ಕತಂಗಿಯರು ಒಪ್ಪಿದ್ದಾರೆಯೇ? ಇಲ್ಲದಿದ್ದರೆ ಮುಂದೆ ಕೋರ್ಟು ಹತ್ತಬೇಕಾದೀತು. ನಮ್ಮ ತವರಿನ ಕಾಗದ ಬಂದರೂ ಅಷ್ಟೇ. ಓದದೆ ಸಹಿ ಹಾಕಬೇಡಿ.

'ಛಾಪಾ ಕಾಗದದಲ್ಲಿ ಬರೆದುಕೊಡ್ತೀವಿ, ಜಿ.ಪಿ.ಎ. ಮಾಡಿಕೊಡ್ತೀವಿ' ಅನ್ನುವವರೂ ಇದ್ದಾರೆ. ಜಿ.ಪಿ.ಎ. ಮಾಡಿಕೊಟ್ಟ ಮಾತ್ರಕ್ಕೆ ಮನೆಯ ಒಡೆತನ ಬರುವುದಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕ್ರಯಪತ್ರ ನೋಂದಣಿ ಆಗಲೇಬೇಕು. ಮುಂಗಡ ಕೊಡುವ ಮೊದಲೇ ಕಾಗದಗಳನ್ನು ವಕೀಲರಿಗೆ ತೋರಿಸಿ. ದುಡ್ಡನ್ನು ಬ್ಯಾಂಕಿನ ಮೂಲಕ ಕೊಡಿ. ರಸೀತಿ ಪಡೆಯಿರಿ.

ಕೊನೆಗೆ ಒಂದು ಮಾತು. ಸಂಘದಲ್ಲಿ ವಾರವಾರ ಉಳಿಸಿದ್ದು ನಾವು. ಒಡವೆ ಅಡ ಇಟ್ಟದ್ದೂ ನಾವು. ಹಾಗಿರುವಾಗ ಕ್ರಯಪತ್ರದಲ್ಲಿ ನಮ್ಮ ಹೆಸರು ಬೇಡವೇ? ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ನೋಂದಣಿ ಮಾಡಿಸಬಹುದು. ಜಂಟಿ ಹೆಸರಿದ್ದರೆ ಒಬ್ಬರೇ ಇಡೀ ಮನೆಯನ್ನು ಮಾರಲು ಆಗುವುದಿಲ್ಲ. ಇದು ಜಗಳಕ್ಕಲ್ಲ, ನೆರಳು ಉಳಿಯಲಿ ಅಂತ. ಮನೆಯವರ ಜೊತೆ ಕೂತು ಮಾತಾಡಿ.

ಕ್ರಯಪತ್ರ, ಚೆಕ್ಕುಬಂದಿ, ಖಾತೆ, ಋಣಭಾರ. ಈ ನಾಲ್ಕು ಪದಗಳನ್ನು ಸ್ಲೇಟಿನ ಮೇಲೆ ಬರೆಯಿರಿ. ಇವತ್ತು ರಾತ್ರಿ ನಿಮ್ಮ ಮನೆಯ ಪೆಟ್ಟಿಗೆ ತೆರೆಯಿರಿ. ಮನೆಯ ಕಾಗದ ಯಾರ ಹೆಸರಲ್ಲಿದೆ? ನೀವೇ ಓದಿ. ನಾಳೆ ಬಂದು ನಮಗೆ ಹೇಳಿ.