ದುಡಿಯಲು ಊರುಂಟು, ಇರಲು ಸೂರಿಲ್ಲ

ಬೆಂಗಳೂರಿನ ಮನೆ ಮತ್ತು ನೆಲದ ಬೆಲೆಯನ್ನು ಕುರಿತ ದತ್ತಿ ಉಪನ್ಯಾಸ



ಜನರ ದಿನನಿತ್ಯದ ಬದುಕನ್ನು ತಟ್ಟುವ ವಿಷಯವನ್ನೇ ಇಲ್ಲಿ ಮಾತಾಡಬೇಕೆಂಬುದು ದತ್ತಿದಾನಿಗಳ ಆಶಯ. ಅದಕ್ಕೆ ತಲೆಬಾಗಿ ಬೆಂಗಳೂರಿನ ಮನೆಯ ಬೆಲೆಯನ್ನು ಆರಿಸಿಕೊಂಡಿದ್ದೇನೆ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಕೆಲಸಕ್ಕೆಂದು ಆ ಊರಿಗೆ ಹೋಗುವವರು. ಕೆಲಸ ಸಿಕ್ಕೀತೇ ಎಂಬ ಚಿಂತೆ ಈಗ ಅವರ ಮನೆಗಳಲ್ಲಿದೆ. ಸಿಕ್ಕ ಮೇಲೆ ಎಲ್ಲಿ ಇರುವುದು ಎಂಬ ಚಿಂತೆ ಅದರ ಬೆನ್ನಿಗೇ ಬರುತ್ತದೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಇಟ್ಟಿಗೆ, ಸಿಮೆಂಟಿನ ಬೆಲೆಯಲ್ಲಿ, ಗಾರೆ ಕೆಲಸದವರ ಕೂಲಿಯಲ್ಲಿ ಬೆಂಗಳೂರಿಗೂ ತುಮಕೂರಿಗೂ ಅಂಥ ಅಜಗಜಾಂತರವೇನಿಲ್ಲ. ಬೆಲೆ ಬೇರೆಯಾಗುವುದು ನೆಲದಲ್ಲಿ. ಆ ನೆಲಕ್ಕೆ ಬೆಲೆ ಬಂದದ್ದು ಎಲ್ಲರ ತೆರಿಗೆಯಿಂದ ಬಂದ ರಸ್ತೆ, ನೀರು, ಮೆಟ್ರೊಗಳಿಂದ ಮತ್ತು ಎಲ್ಲರ ದುಡಿಮೆಯಿಂದ. ಎಲ್ಲರೂ ಸೇರಿ ಹುಟ್ಟಿಸಿದ ಬೆಲೆಯಲ್ಲಿ ಎಲ್ಲರ ಪಾಲನ್ನು ಕೇಳದೆ ಬಿಟ್ಟದ್ದೇ ಈ ಸಂಕಟದ ಬೇರು.

1. ಕಾರ್ಖಾನೆಯ ಜೊತೆಗೆ ಕಾಲೊನಿ

ಊರು ಬೆಳೆದಾಗ ಮನೆಯ ಹೊಣೆಯನ್ನು ಸರ್ಕಾರ ಹೊರುವುದು ಬೆಂಗಳೂರಿಗೆ ಹೊಸದಲ್ಲ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಅತ್ತ ಹೊರಡಿಸಿತು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು. ಜಯನಗರ, ರಾಜಾಜಿನಗರಗಳಂಥ ದೊಡ್ಡ ಬಡಾವಣೆಗಳು ಅದರ ಕಾಲದವು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಬಂತು.

ಇದರ ಜೊತೆಗೇ ಇನ್ನೊಂದು ಕೆಲಸ ನಡೆಯಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿದವು. ಈ ಕಾರ್ಖಾನೆಗಳು ಯಂತ್ರಗಳನ್ನು ಕೂರಿಸಿ ಸುಮ್ಮನಾಗಲಿಲ್ಲ. ದೂರವಾಣಿನಗರದಲ್ಲಿ, ಜಾಲಹಳ್ಳಿಯಲ್ಲಿ ಕ್ವಾರ್ಟರ್ಸ್ ಎದ್ದವು. ಶಾಲೆ, ಆಸ್ಪತ್ರೆ, ಆಟದ ಮೈದಾನಗಳು ಬಂದವು, ಕೆಲಸಗಾರರನ್ನು ಕರೆತರುವ ಬಸ್ಸುಗಳೂ ಬಂದವು. ಕ್ವಾರ್ಟರ್ಸ್ ಸಿಗದವರಿಗೆ ಬಿಡಿಎ ಸೈಟಿನ ಆಸೆಯಿತ್ತು. ಎಷ್ಟು ವರ್ಷದಿಂದ ಊರಲ್ಲಿದ್ದೀರಿ, ಎಷ್ಟು ಸಲ ಅರ್ಜಿ ಹಾಕಿದ್ದೀರಿ, ಆದಾಯ ಎಷ್ಟು ಎಂದು ನೋಡಿ ಸೈಟು ಹಂಚುತ್ತಿದ್ದರು. ಹತ್ತು ವರ್ಷ ಅದನ್ನು ಮಾರುವಂತಿರಲಿಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಮೇಷ್ಟರು, ಗುಮಾಸ್ತರು, ಫಿಟ್ಟರುಗಳು ಅಕ್ಕಪಕ್ಕ ಮನೆ ಕಟ್ಟಿಕೊಂಡರು.

ಆ ಕಾಲವನ್ನು ಚಿನ್ನದ ಕಾಲವೆಂದು ಹೊಗಳಲು ನಾನು ಬಂದಿಲ್ಲ. ಆ ಕಾಲೊನಿಗಳನ್ನು ಕಟ್ಟಿದ ಕೂಲಿಯವರು ಅವುಗಳ ಒಳಗೆ ಇರಲಿಲ್ಲ. ಕೊಳೆಗೇರಿಗಳು ಆಗಲೂ ಇದ್ದವು. ಬಡಾವಣೆಗೆ ಹೊಲ ಬಿಟ್ಟುಕೊಟ್ಟ ರೈತನಿಗೆ ಬಂದ ಪರಿಹಾರ ಅಲ್ಪ. ಆದರೂ ಒಂದು ತಿಳಿವಳಿಕೆ ಆಡಳಿತದಲ್ಲಿ ಉಳಿದಿತ್ತು: ಸಾವಿರ ಜನರಿಗೆ ಕೆಲಸ ಕೊಡುವ ಯೋಜನೆಯೆಂದರೆ ಸಾವಿರ ಸಂಸಾರಗಳಿಗೆ ಸೂರು ಹುಡುಕುವ ಯೋಜನೆಯೂ ಹೌದು.

2. ಕೆಲಸ ಬಂತು, ಮನೆ ಹಿಂದೆ ಉಳಿಯಿತು

1970ರ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ, ಅವರೇ ಮುಖ್ಯಸ್ಥರಾಗಿದ್ದ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಆರಂಭಿಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. 1991ರ ನಂತರ ಸಾಫ್ಟ್‌ವೇರ್ ಪಾರ್ಕುಗಳು, ಆಮೇಲೆ ವೈಟ್‌ಫೀಲ್ಡಿನ ಐಟಿಪಿಎಲ್, ಅದರ ಹಿಂದೆಯೇ ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳು. 1991ರಲ್ಲಿ ಸುಮಾರು 41 ಲಕ್ಷವಿದ್ದ ಜನಸಂಖ್ಯೆ 2011ರಲ್ಲಿ ಸುಮಾರು 85 ಲಕ್ಷವಾಯಿತು. ಇಪ್ಪತ್ತೇ ವರ್ಷಗಳಲ್ಲಿ ಇನ್ನೊಂದು ಬೆಂಗಳೂರು ಸೇರಿಕೊಂಡಿತು.

ಈ ಹೊಸ ಉದ್ಯಮ ನಾಡಿಗೆ ತಂದ ಸಂಪತ್ತನ್ನು ನಾನು ಕಡೆಗಣಿಸುವುದಿಲ್ಲ. ಹಳ್ಳಿಯ ಎಷ್ಟೋ ಮನೆಗಳ ಮೊದಲ ತಲೆಮಾರಿನ ಪದವೀಧರರನ್ನು ಅದು ಮೇಲೆತ್ತಿದೆ. ಆದರೆ ಜಾಗ, ತೆರಿಗೆ ವಿನಾಯಿತಿ, ವಿದ್ಯುತ್ತು ಎಲ್ಲವನ್ನೂ ಮಾತಾಡಿ ಕರೆತಂದ ನಾವು, ಅಲ್ಲಿ ದುಡಿಯುವವರು ಎಲ್ಲಿರುತ್ತಾರೆ ಎಂದು ಕೇಳಲಿಲ್ಲ. ಎಂಜಿನಿಯರು ಹೇಗೋ ನೋಡಿಕೊಳ್ಳುತ್ತಾನೆ ಎಂದುಕೊಂಡೆವು. ಆ ಕಟ್ಟಡದ ಸೆಕ್ಯುರಿಟಿಯವರು, ಹೌಸ್‌ಕೀಪಿಂಗಿನವರು, ಕ್ಯಾಬ್ ಓಡಿಸುವವರು ಲೆಕ್ಕಕ್ಕೇ ಬರಲಿಲ್ಲ.

ಅದೇ ಹೊತ್ತಿನಲ್ಲಿ ಬಡಾವಣೆ ಮಾಡಬೇಕಾದ ಯಂತ್ರ ಕೆಟ್ಟು ನಿಂತಿತು. ಅರ್ಕಾವತಿ ಬಡಾವಣೆಗೆ ಅಧಿಸೂಚನೆ ಬಂದದ್ದು 2003ರಲ್ಲಿ. ವ್ಯಾಜ್ಯ ಮತ್ತು ಸ್ವಾಧೀನದಿಂದ ನೆಲವನ್ನು ಕೈಬಿಡುವ ಡಿನೋಟಿಫಿಕೇಶನ್‌ಗಳ ನಡುವೆ ಹಣ ಕಟ್ಟಿದವರು ವರ್ಷಗಟ್ಟಲೆ ಅಲೆದರು. ಶಿವರಾಮ ಕಾರಂತ ಬಡಾವಣೆ, ನಾಡಪ್ರಭು ಕೆಂಪೇಗೌಡ ಬಡಾವಣೆ ಎರಡಕ್ಕೂ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2008ರಲ್ಲಿ. ಮೊದಲನೆಯದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟೇ ಮುಂದುವರಿಯಿರಿ ಎನ್ನಬೇಕಾಯಿತು. ಎರಡನೆಯದರಲ್ಲಿ ಸೈಟು ಹಂಚಿಕೆ ಶುರುವಾದದ್ದು 2016ರಲ್ಲಿ. ಗೃಹನಿರ್ಮಾಣ ಸಹಕಾರ ಸಂಘಗಳಿಗಾದರೂ ದಾರಿ ಸಿಕ್ಕಿತೇ ಎಂದರೆ, ಅವುಗಳಿಗಾಗಿ ನಡೆದ ಭೂಸ್ವಾಧೀನದಲ್ಲಿ ದಲ್ಲಾಳಿಗಳ ಕೈವಾಡ ಬಯಲಾಗಿ, ಒಂದು ಪ್ರಕರಣದಲ್ಲಿ ಇಡೀ ಸ್ವಾಧೀನವೇ ರದ್ದಾದದ್ದನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಎತ್ತಿಹಿಡಿಯಿತು.

ಸರ್ಕಾರದ ಸೈಟು ಬಾರದೆ ಹೋದಾಗ ಜನ ರೆವಿನ್ಯೂ ಸೈಟು ಕೊಂಡರು. ಕನ್ವರ್ಷನ್ ಆಗದ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಮಾರಿದ ಜಾಗ, ಕ್ರಯಪತ್ರವಿಲ್ಲದೆ ಬರೀ ಜಿಪಿಎ ಅಧಿಕಾರಪತ್ರದ ಮೇಲೆ ಕೈಬದಲಾದ ಜಾಗ, ಪೂರ್ಣ ಮಾನ್ಯತೆಯಿಲ್ಲದ ಬಿ ಖಾತಾ ಮನೆ. ಅವರನ್ನು ಕಾನೂನು ಮುರಿದವರೆಂದು ಕರೆಯುವ ಮೊದಲು, ಕಾನೂನಿನೊಳಗೆ ಅವರಿಗೆ ಎಟುಕುವ ಮನೆ ಎಲ್ಲಿತ್ತು ಎಂದು ನಾವು ಹೇಳಬೇಕು. 2007ರಲ್ಲಿ 110 ಹಳ್ಳಿಗಳು ಆಗಿನ ನಗರ ಪಾಲಿಕೆ ಬಿಬಿಎಂಪಿಗೆ ಸೇರಿದವು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಅಲ್ಲಿನ ಜನ ಮನೆಯ ಸಾಲದ ಕಂತಿನ ಜೊತೆಗೆ ಟ್ಯಾಂಕರಿನ ಬಿಲ್ಲನ್ನೂ ಕಟ್ಟಿದರು. ನಗರದೊಳಗೆ ನೀರು, ಚರಂಡಿ ಇರುವ ಜಾಗ ಕಡಿಮೆಯಾದಷ್ಟೂ ಅಂಥ ಜಾಗದ ಬೆಲೆ ಏರಿತು.

3. ಬೆಲೆಯ ಲೆಕ್ಕ

ಒಂದು ಸಾಧಾರಣ ಫ್ಲ್ಯಾಟಿಗೆ 80 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಬ್ಯಾಂಕು ಶೇ. 80ರಷ್ಟು ಸಾಲ ಕೊಟ್ಟರೆ, ಕೈಯಿಂದ 16 ಲಕ್ಷ ಹಾಕಬೇಕು. ನೋಂದಣಿ, ಮುದ್ರಾಂಕ ಶುಲ್ಕ ಬೇರೆ. ಉಳಿದ 64 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷ, ತಿಂಗಳಿಗೆ ಸುಮಾರು 55,500 ರೂಪಾಯಿ ಕಂತು. ಸಂಬಳದ ಅರ್ಧ ಕಂತಿಗೆ ಹೋಗಲಿ ಎಂದರೂ ಕೈಗೆ ಬರುವ ಸಂಬಳ ಒಂದು ಲಕ್ಷ ಹನ್ನೊಂದು ಸಾವಿರವಿರಬೇಕು. ಖಾಸಗಿ ಶಾಲೆಯ ಶಿಕ್ಷಕಿ, ನರ್ಸ್, ಬಿಎಂಟಿಸಿ ಕಂಡಕ್ಟರ್ ಈ ಲೆಕ್ಕದ ಬಾಗಿಲನ್ನೂ ಮುಟ್ಟಲಾರರು.

ಬಾಡಿಗೆಗೆ ಹೋದರೆ ಡೆಪಾಸಿಟ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಬೆಂಗಳೂರಿನಲ್ಲಿ ಬೇರೂರಿದೆ. 20,000 ಬಾಡಿಗೆಯೆಂದರೆ ಬಾಗಿಲು ತೆರೆಯುವ ಮೊದಲೇ ಎರಡು ಲಕ್ಷ. ಮನೆ ಬಿಡುವಾಗ ಅದರಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹೋಗುತ್ತದೆ. ಆ ಎರಡು ಲಕ್ಷವನ್ನು ಹೊಂದಿಸಲು ಊರಲ್ಲಿ ಅಪ್ಪ ಸಾಲ ಮಾಡುತ್ತಾನೆ, ಅಮ್ಮನ ಬಳೆ ಅಡವಿಗೆ ಹೋಗುತ್ತದೆ.

ಹೆಚ್ಚು ಮನೆ ಕಟ್ಟಿದರೆ ಬೆಲೆ ತಾನಾಗಿ ಇಳಿಯುತ್ತದೆ ಎಂಬ ವಾದವಿದೆ. ಅದರಲ್ಲಿ ಸತ್ಯವಿದೆ, ಮನೆಗಳು ಹೆಚ್ಚಬೇಕು. ಆದರೆ ಯಾರಿಗಾಗಿ ಕಟ್ಟುತ್ತಿದ್ದೇವೆ ಎಂಬುದನ್ನೂ ನೋಡಬೇಕು. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಇದ್ದವು. ಮರುವರ್ಷ ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ ಎಂದಿತು, ಕೊರತೆಯ ಶೇ. 95ಕ್ಕೂ ಹೆಚ್ಚು ಪಾಲು ಬಡ ಮತ್ತು ಕಡಿಮೆ ಆದಾಯದ ಕುಟುಂಬಗಳದು. ಖಾಲಿ ಮನೆಯೂ ಮನೆಯಿಲ್ಲದ ಸಂಸಾರವೂ ಒಂದೇ ನಗರದಲ್ಲಿರಲು ಕಾರಣ ಸ್ಪಷ್ಟ. ಮನೆಯನ್ನು ಕೊಳ್ಳುವುದು ವಾಸಕ್ಕಲ್ಲ, ನೆಲದ ಬೆಲೆ ಏರಲಿ ಎಂದು. ಏರಿಕೆಯೇ ಲಾಭವಾದಾಗ ಬಾಡಿಗೆಗೆ ಕೊಡುವ ಆತುರವೂ ಇರುವುದಿಲ್ಲ, ಖಾಲಿ ಸೈಟಿನಲ್ಲಿ ಮನೆ ಕಟ್ಟುವ ಆತುರವೂ ಇರುವುದಿಲ್ಲ.

4. ಹೊರೆ ಹೊತ್ತವರು

ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ಅಪಾರ್ಟ್‌ಮೆಂಟ್ ಕಟ್ಟುವ ನಮ್ಮ ಜನ ತಗಡಿನ ಶೆಡ್ಡುಗಳಲ್ಲಿದ್ದಾರೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿ ಕರಿಯಮ್ಮನ ಅಗ್ರಹಾರದಲ್ಲಿ ಅಂಥ ಶೆಡ್ಡುಗಳನ್ನು ಕೆಡವಲಾಯಿತು. ಹೈಕೋರ್ಟ್ ಆ ತೆರವು ಕಾನೂನಿಗೆ ವಿರುದ್ಧ ಎಂದಿತು. 2013ರ ಜನವರಿಯಲ್ಲಿ ಈಜಿಪುರದಲ್ಲಿ ನೂರಾರು ಬಡ ಕುಟುಂಬಗಳನ್ನು ಒಕ್ಕಲೆಬ್ಬಿಸಲಾಗಿತ್ತು. ಅದು ಬಡವರಿಗೆಂದೇ ಪಾಲಿಕೆ ಮೀಸಲಿಟ್ಟಿದ್ದ ನೆಲ. ಸುತ್ತ ಕೋರಮಂಗಲದ ಬೆಲೆ ಏರಿದಾಗ ಬಡವರ ನೆಲಕ್ಕೂ ಬೇರೆ ಲೆಕ್ಕಗಳು ಹುಟ್ಟಿಕೊಂಡವು.

ಪಿ.ಜಿ.ಯ ಒಂದು ಕೋಣೆಯಲ್ಲಿ ಮೂರು ಮಂಚಗಳ ನಡುವೆ ಬದುಕುವ ಹೊಸ ಎಂಜಿನಿಯರೂ ಈ ಬೆಲೆಯ ಹೊರೆ ಹೊತ್ತವನೇ. ಆದ್ದರಿಂದ ಹೊರಗಿನವರು ಬಂದು ಬೆಲೆ ಏರಿಸಿದರು ಎಂದು ಬೈದು ಸಮಾಧಾನಪಡುವುದು ನನಗೆ ಒಪ್ಪಿಗೆಯಿಲ್ಲ. ಬೀದರಿನ ಹುಡುಗನಿಗೂ ಬಿಹಾರದ ಹುಡುಗನಿಗೂ ಕೇಳುವ ಡೆಪಾಸಿಟ್ ಒಂದೇ. ಅವರಿಬ್ಬರ ಜಗಳದಿಂದ ಬಾಡಿಗೆ ಒಂದು ರೂಪಾಯಿಯೂ ಇಳಿಯದು.

5. ಮಾಡಬೇಕಾದ್ದು

ಮೊದಲನೆಯದು, ಸಾರ್ವಜನಿಕ ನೆಲವನ್ನು ಮಾರಬಾರದು. ಬಿಡಿಎ ಮೂಲೆ ಸೈಟುಗಳನ್ನು ಹರಾಜು ಹಾಕಿದಾಗ ಖಜಾನೆಗೆ ಒಮ್ಮೆ ಹಣ ಬರುತ್ತದೆ, ಸುತ್ತಲಿನ ಬೆಲೆಗೆ ಹೊಸ ಎತ್ತರ ಸಿಗುತ್ತದೆ, ನೆಲ ಶಾಶ್ವತವಾಗಿ ಕೈಬಿಟ್ಟು ಹೋಗುತ್ತದೆ. ಸಿಂಗಪುರದಲ್ಲಿ 1960ರಲ್ಲಿ ವಸತಿ ಮಂಡಳಿ ಸ್ಥಾಪನೆಯಾಯಿತು. ಇಂದು ಅಲ್ಲಿನ ನಿವಾಸಿಗಳಲ್ಲಿ ಹತ್ತಿರಹತ್ತಿರ ಶೇ. 80 ಜನ ಆ ಮಂಡಳಿ ಕಟ್ಟಿದ ಮನೆಗಳಲ್ಲಿದ್ದಾರೆ. ಮನೆ ಕೊಂಡವರಿಗೆ 99 ವರ್ಷದ ಗುತ್ತಿಗೆ, ನೆಲ ಸರ್ಕಾರದ್ದೇ. ಅವರ ರಾಜಕೀಯ ನಮಗೆ ಬೇಡ, ಈ ಪಾಠ ಬೇಕು.

ಎರಡನೆಯದು, ಉದ್ಯೋಗಕ್ಕೆ ನೆಲ ಕೊಡುವಾಗ ವಾಸಕ್ಕೂ ನೆಲ ಮೀಸಲಿಡಬೇಕು. ಟೆಕ್ ಪಾರ್ಕಿಗೆ ಅನುಮತಿ ಬೇಡುವವರು ಅಲ್ಲಿ ದುಡಿಯುವ ಕಡಿಮೆ ಸಂಬಳದವರಿಗೆ ಹತ್ತಿರದಲ್ಲೇ ಬಾಡಿಗೆ ಮನೆಗಳನ್ನು ಕಟ್ಟಬೇಕು, ಇಲ್ಲವೇ ಕಟ್ಟಲು ಹಣ ಕೊಡಬೇಕು. ನಾವು ಹೆಸರು ಎರವಲು ಪಡೆದ ಸಿಲಿಕಾನ್ ವ್ಯಾಲಿಯ ಸೀಮೆಯಲ್ಲೂ ಶಿಕ್ಷಕರು ಊರಲ್ಲಿ ನಿಲ್ಲಲಾರದೆ ಹೋದರು. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಡೇಲಿ ಸಿಟಿಯಲ್ಲಿ ಹೈಸ್ಕೂಲುಗಳ ಆಡಳಿತವೇ ತನ್ನ ಸಿಬ್ಬಂದಿಗೆ 122 ಮನೆಗಳನ್ನು ಕಟ್ಟಿ 2022ರಲ್ಲಿ ತೆರೆಯಿತು. ನಮ್ಮಲ್ಲಿ ಶಿಕ್ಷಕರು, ನರ್ಸುಗಳು, ಪೌರಕಾರ್ಮಿಕರು ಊರು ಬಿಡುವ ತನಕ ಕಾಯಬೇಕಾಗಿಲ್ಲ.

ಮೂರನೆಯದು, ಮೆಟ್ರೊ ಬಂದ ಕಡೆ ಏರಿದ ನೆಲದ ಬೆಲೆಯಲ್ಲಿ ಒಂದು ಪಾಲು ವಸತಿ ನಿಧಿಗೆ ಬರಬೇಕು. ಖಾಲಿ ಬಿಟ್ಟ ಸೈಟಿನ ಮೇಲೆ ವರ್ಷದಿಂದ ವರ್ಷಕ್ಕೆ ತೆರಿಗೆ ಏರಬೇಕು. ಹೊಲ ಕೊಟ್ಟ ರೈತನಿಗೆ ಕೆಂಪೇಗೌಡ ಬಡಾವಣೆಯಲ್ಲಿ ಮಾಡಿದಂತೆ ಅಭಿವೃದ್ಧಿಯಾದ ಜಾಗದಲ್ಲೇ ಪಾಲು ಸಿಗಬೇಕು, ಅದೂ ಹೊತ್ತಿಗೆ ಸರಿಯಾಗಿ.

ನಾಲ್ಕನೆಯದು ನಾಳೆಯೇ ಆಗಬಹುದಾದದ್ದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಡೆಪಾಸಿಟ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದಿದೆ. ಬೆಂಗಳೂರಿನಲ್ಲಿ ಈ ಮಿತಿ ನಿಜವಾಗಿ ಜಾರಿಯಾಗಬೇಕು. ಜೊತೆಗೆ, ಮನೆ ಬಿಡದ ಬಾಡಿಗೆದಾರನ ಭಯದಲ್ಲಿರುವ ಸಣ್ಣ ಮಾಲೀಕರಿಗೆ ತಿಂಗಳುಗಳಲ್ಲಿ ತೀರ್ಪು ಸಿಗುವ ವ್ಯವಸ್ಥೆಯೂ ಬೇಕು. ಬಾಡಿಗೆಯನ್ನೇ ನಂಬಿದ ನಿವೃತ್ತರು ಈ ಊರಲ್ಲಿ ಬಹಳ ಜನ ಇದ್ದಾರೆ. ಅವರನ್ನು ಶತ್ರುಗಳೆಂದು ಕಾಣುವ ಕಾನೂನು ನಿಲ್ಲುವುದಿಲ್ಲ.

ಇವೆಲ್ಲಕ್ಕೂ ಹಣ ಎಲ್ಲಿ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಹಣ ಆ ನೆಲದಲ್ಲೇ ಇದೆ. ನಾವೇ ಅಲ್ಲಿ ಇಟ್ಟ ಹಣ ಅದು. ಕೇಳುವ ಧೈರ್ಯ ಮಾತ್ರ ಬೇಕು.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗುತ್ತೀರಿ, ಕೆಲವರು ಕಂಪನಿ ನಡೆಸುತ್ತೀರಿ, ಎಲ್ಲರೂ ಮತ ಹಾಕುತ್ತೀರಿ. ಹೊಸ ಟೆಕ್ ಪಾರ್ಕ್, ಹೊಸ ಮೆಟ್ರೊ ಮಾರ್ಗ, ಹೊಸ ಉಪನಗರ ಎಂದು ಯಾರೇ ಘೋಷಿಸಲಿ, ಅಲ್ಲಿ ಕಸ ಗುಡಿಸುವವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿ. ಅದಕ್ಕೆ ಬರಹದಲ್ಲಿ ಉತ್ತರ ಬರುವ ತನಕ ಆ ಯೋಜನೆಗೆ ಚಪ್ಪಾಳೆ ತಟ್ಟಬೇಡಿ.