ಅರ್ಧ ಮಾತ್ರೆಯ ಲೆಕ್ಕ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಔಷಧದ ಬೆಲೆಯ ವಿಷಯ ಎತ್ತಿಕೊಂಡಿದ್ದಾನಲ್ಲ ಎಂದು ನಿಮಗೆ ಅನ್ನಿಸಬಹುದು. ಇದಕ್ಕೆ ಕಾರಣ ನನ್ನ ಮನೆಯಲ್ಲೇ ಇದೆ.

ನನ್ನ ಅಮ್ಮಿಗೆ ಹಲವು ವರ್ಷಗಳಿಂದ ಶುಗರ್ ಮತ್ತು ಬಿಪಿ. ತಿಂಗಳಿಗೊಮ್ಮೆ ಮಾತ್ರೆ ತರುವುದು ನನ್ನ ಕೆಲಸ. ಒಂದು ವರ್ಷ ತಂಗಿಯ ಕಾಲೇಜು ಫೀ, ಮನೆಯ ಹೆಂಚು ರಿಪೇರಿ ಎಲ್ಲವೂ ಒಟ್ಟಿಗೇ ಬಂದವು. ಆಗ ನಾನು ಕೇಳಿದಾಗಲೆಲ್ಲ ಅಮ್ಮಿಯದು ಒಂದೇ ಉತ್ತರ: "ಇನ್ನೂ ಇದೆ ಬೇಟಾ, ಈಗಲೇ ತರಬೇಡ." ನಾನೂ ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು ಎಂದು ಇಂದು ಒಪ್ಪಿಕೊಳ್ಳುತ್ತೇನೆ. ಒಂದು ಬೆಳಿಗ್ಗೆ ಅಮ್ಮಿ ಅಡುಗೆಮನೆಯಲ್ಲಿ ಕುಸಿದರು. ಬಲಗೈ ಏಳಲಿಲ್ಲ, ಮಾತು ತೊದಲಿತು. ದೊಡ್ಡ ಆಸ್ಪತ್ರೆ ಬೇಕೆಂದರೆ ನಮ್ಮ ಭಾಗದವರು ಹುಬ್ಬಳ್ಳಿ, ಶಿವಮೊಗ್ಗ ಅಥವಾ ಮಣಿಪಾಲಕ್ಕೇ ಓಡಬೇಕು. ಆ ದಾರಿ ಎಷ್ಟು ಉದ್ದ ಎಂಬುದು ಅಂದು ನನಗೆ ಗೊತ್ತಾಯಿತು.

ಮನೆಗೆ ಮರಳಿದ ಮೇಲೆ ಅಕ್ಕಿ ಡಬ್ಬದ ಹಿಂದೆ ಕಾಗದದ ಒಂದು ಪೊಟ್ಟಣ ಸಿಕ್ಕಿತು. ಅದರೊಳಗೆ ಅರ್ಧ ಅರ್ಧ ಮುರಿದಿಟ್ಟ ಬಿಪಿ ಮಾತ್ರೆಗಳಿದ್ದವು. ಒಂದು ತಿಂಗಳ ಮಾತ್ರೆಯನ್ನು ಅಮ್ಮಿ ಎರಡು ತಿಂಗಳು ನಡೆಸಿದ್ದರು. ಮಕ್ಕಳ ಉತ್ತರಪತ್ರಿಕೆಯಲ್ಲಿ ಅರ್ಧ ಅಂಕ ತಪ್ಪಿದರೂ ಹುಡುಕಿ ಹಿಡಿಯುವ ನಾನು ಈ ಅರ್ಧ ಮಾತ್ರೆಯ ಲೆಕ್ಕ ನೋಡಿರಲಿಲ್ಲ. ದೇವರ ದಯೆಯಿಂದ ಅಮ್ಮಿ ಇಂದು ನಡೆದಾಡುತ್ತಾರೆ. ಆದರೆ ಆ ಕೈಯಲ್ಲಿ ಲಟ್ಟಣಿಗೆ ಮೊದಲಿನ ಹಾಗೆ ನಿಲ್ಲುವುದಿಲ್ಲ.

ಬಂಧುಗಳೇ, ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಜ್ವರ ಬಂದರೆ ಐದು ದಿನದ ಔಷಧ ಸಾಕು. ಶುಗರ್, ಬಿಪಿ, ಉಬ್ಬಸ, ಹೃದಯದ ಕಾಯಿಲೆಗಳ ಔಷಧ ಮಾತ್ರ ಅಕ್ಕಿ, ಬೇಳೆಯ ಹಾಗೆ ಪ್ರತಿ ತಿಂಗಳೂ ಬರಬೇಕು. ಅಕ್ಕಿ ಕಡಿಮೆಯಾದರೆ ಹೊಟ್ಟೆ ಕೂಗಿ ಹೇಳುತ್ತದೆ. ಬಿಪಿ ಮಾತ್ರೆ ಕಡಿಮೆಯಾದರೆ ಮೈ ಏನೂ ಹೇಳುವುದಿಲ್ಲ. ಅಪಾಯ ಇರುವುದು ಅಲ್ಲಿಯೇ.

ಹಾಗಾದರೆ ಬೆಲೆ ಏರುವುದು ಹೇಗೆ? ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಔಷಧಗಳಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಗರಿಷ್ಠ ಬೆಲೆ ನಿಗದಿಯಾಗುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕ ಏರಿದಷ್ಟು ಈ ಬೆಲೆಯನ್ನೂ ಏರಿಸಲು ಅವಕಾಶವಿದೆ. 2022ರಲ್ಲಿ ಆ ಏರಿಕೆ ಶೇ. 10.8, 2023ರಲ್ಲಿ ಶೇ. 12.1. ವಿದ್ಯಾರ್ಥಿಗಳೇ, ಲೆಕ್ಕ ಹಾಕಿ ನೋಡಿ: 100 ರೂಪಾಯಿಯ ಮಿತಿ ಎರಡೇ ವರ್ಷದಲ್ಲಿ ಸುಮಾರು 124 ರೂಪಾಯಿ ಆಗಬಹುದು. 2022ರಲ್ಲಿ ಹೊಸ ಪಟ್ಟಿ ಬಂದಾಗ ಹಲವು ಔಷಧಗಳ ಬೆಲೆ ಇಳಿದದ್ದೂ ನಿಜ. 2024ರಲ್ಲಿ ಏರಿಕೆ ಇಲ್ಲವೆನ್ನುವಷ್ಟು ಅಲ್ಪ; 2025ರಲ್ಲಿ ಶೇ. 1.7. ಆದರೆ 2024ರ ಅಕ್ಟೋಬರ್‌ನಲ್ಲಿ ಎಂಟು ಔಷಧಗಳ ಗರಿಷ್ಠ ಬೆಲೆಯನ್ನು ಒಮ್ಮೆಲೇ ಶೇ. 50 ಏರಿಸಲಾಯಿತು. ಉಬ್ಬಸದವರು ಬಳಸುವ ಸಾಲ್ಬುಟಮಾಲ್ ಅವುಗಳಲ್ಲಿ ಒಂದು. ಹಳೆಯ ಬೆಲೆಗೆ ತಯಾರಿಸಿದರೆ ನಷ್ಟವಾಗಿ, ಕೊನೆಗೆ ಔಷಧವೇ ಸಿಗದಂತಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಪಟ್ಟಿಯ ಹೊರಗಿನ ಔಷಧಗಳಿಗಂತೂ ವರ್ಷಕ್ಕೆ ಶೇ. 10ರವರೆಗೆ ಬೆಲೆ ಏರಿಸಿಕೊಳ್ಳುವ ಅವಕಾಶ ಕಂಪನಿಗಳಿಗಿದೆ.

ಇನ್ನೊಂದು ಮುಖವನ್ನೂ ನೋಡೋಣ. ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಒಂದಕ್ಕೆ ಸುಮಾರು 60 ರೂಪಾಯಿ ಇತ್ತು. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಅವಧಿ ಮುಗಿಯಿತು. ಬೇರೆ ಬೇರೆ ಕಂಪನಿಗಳು ಅದನ್ನೇ 10 ರೂಪಾಯಿಯ ಆಸುಪಾಸಿಗೆ ಮಾರತೊಡಗಿದವು. ಅಂದರೆ ನಾವು ಕೊಡುವ ದುಡ್ಡೆಲ್ಲ ಔಷಧಕ್ಕೇ ಹೋಗುವುದಿಲ್ಲ, ಹೆಸರಿಗೂ ಹಕ್ಕಿಗೂ ಹೋಗುತ್ತದೆ.

ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡ್ ಇದೆ, ಇನ್ನೇನು ಚಿಂತೆ ಎನ್ನುವವರಿದ್ದಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಅದು ದೊಡ್ಡ ಉಪಕಾರವೇ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಪ್ರತಿದಿನ ಮನೆಯಲ್ಲಿ ನುಂಗುವ ಮಾತ್ರೆಗೆ ಆ ಕಾರ್ಡ್ ಮೆಡಿಕಲ್ ಶಾಪಿನಲ್ಲಿ ನಡೆಯುವುದಿಲ್ಲ. ಬಿದ್ದ ಮೇಲೆ ಲಕ್ಷ ಸಿಗುತ್ತದೆ. ಬೀಳದಂತೆ ತಡೆಯುವ ನೂರಿನ್ನೂರು ರೂಪಾಯಿಯನ್ನು ನಾವೇ ಹುಡುಕಬೇಕು.

ಹಾಗೆಂದು ಕೈಕಟ್ಟಿ ಕುಳಿತುಕೊಳ್ಳಬೇಕಿಲ್ಲ. ದಾರಿಗಳಿವೆ.

ಮೊದಲನೆಯದು ಸರ್ಕಾರಿ ಆಸ್ಪತ್ರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿ ತಪಾಸಣೆ ಮಾಡಿ ಸಾಮಾನ್ಯ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಕೆಲವೊಮ್ಮೆ ದಾಸ್ತಾನು ಇರುವುದಿಲ್ಲ, ಸಾಲಿನಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ಇವು ನ್ಯಾಯವಾದ ದೂರುಗಳೇ. ಆದರೆ ಕೇಳುವವರು ಹೆಚ್ಚಾದರೆ ದಾಸ್ತಾನೂ ಹೆಚ್ಚುತ್ತದೆ. ಕೇಳದವರ ಹೆಸರಿನಲ್ಲಿ ಯಾರೂ ಔಷಧ ತರಿಸುವುದಿಲ್ಲ.

ಎರಡನೆಯದು ಜನೌಷಧಿ ಕೇಂದ್ರ. 2008ರಲ್ಲಿ ಶುರುವಾದ ಈ ಯೋಜನೆಯ ಅಂಗಡಿಗಳು 2025ರ ಹೊತ್ತಿಗೆ ದೇಶದಲ್ಲಿ 15,000 ದಾಟಿದವು. ಬ್ರ್ಯಾಂಡ್ ಹೆಸರಿನ ಔಷಧಕ್ಕಿಂತ ಇಲ್ಲಿ ಬೆಲೆ ಶೇ. 50ರಿಂದ 80ರಷ್ಟು ಕಡಿಮೆ. "ಅಗ್ಗದ ಮಾತ್ರೆ ಕೆಲಸ ಮಾಡುತ್ತದೆಯೇ?" ಎಂದು ಹಲವರು ಕೇಳುತ್ತಾರೆ. ಈ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ತೀರಿಕೊಂಡಾಗ, ಅವರಿಗೆ ಕೊಟ್ಟ ದ್ರಾವಣದ ಗುಣಮಟ್ಟದ ಬಗ್ಗೆ ಇಡೀ ರಾಜ್ಯವೇ ಪ್ರಶ್ನೆ ಕೇಳಿತು. ಗುಣಮಟ್ಟದ ತಪಾಸಣೆ ಬಿಗಿಯಾಗಲೇಬೇಕು. ಆದರೆ ಬೆಲೆ ಹೆಚ್ಚಾದ ಮಾತ್ರಕ್ಕೆ ಔಷಧ ಒಳ್ಳೆಯದು, ಕಡಿಮೆಯಾದ ಮಾತ್ರಕ್ಕೆ ಕಳಪೆ ಎಂಬ ನಿಯಮವಿಲ್ಲ. ಎರಡಕ್ಕೂ ಇರುವುದು 1940ರ ಅದೇ ಕಾನೂನು.

ಮೂರನೆಯದು ಬಾಯಿಬಿಟ್ಟು ಕೇಳುವುದು. "ಡಾಕ್ಟರೇ, ನನಗೆ ಇಷ್ಟು ಖರ್ಚು ಮಾಡಲಾಗದು, ಇದೇ ಔಷಧ ಕಡಿಮೆ ಬೆಲೆಯಲ್ಲಿ ಇದೆಯೇ?" ಎಂದು ಕೇಳಲು ನಾಚಿಕೆ ಬೇಡ. ನನ್ನ ಅಮ್ಮಿ ಕೇಳಿದ್ದರೆ, ಅಥವಾ ನಾನೇ ಕೇಳಿದ್ದರೆ, ಮಾತ್ರೆ ಮುರಿಯಬೇಕಿರಲಿಲ್ಲ. ನೆನಪಿಡಿ, ಕೆಲವು ಮಾತ್ರೆಗಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವಂತೆ ಮಾಡಿದವು. ಅವನ್ನು ಮುರಿಯಲೇಬಾರದು. ಇನ್ನು ಮೂರ್ಛೆರೋಗದಂತಹ ಕಾಯಿಲೆಗಳ ಔಷಧವನ್ನು ವೈದ್ಯರನ್ನು ಕೇಳದೆ ಬದಲಿಸಬಾರದು.

ಈಗ ವಿದ್ಯಾರ್ಥಿಗಳಿಗೆ ಒಂದು ಮನೆಪಾಠ. ಇಂದು ಮನೆಗೆ ಹೋದ ಮೇಲೆ ಅಜ್ಜಿಯದೋ ದಾದಾನದೋ ಮಾತ್ರೆಯ ಹಾಳೆ ಕೈಗೆತ್ತಿಕೊಳ್ಳಿ. ಕಂಪನಿ ಇಟ್ಟ ಹೆಸರಿನ ಹತ್ತಿರವೇ ಔಷಧದ ನಿಜವಾದ ಹೆಸರು ಇರುತ್ತದೆ. ಅದನ್ನು, ಅದರ ಪ್ರಮಾಣವನ್ನು, ಬೆಲೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು, ಉಳಿದದ್ದೆಷ್ಟು ಎಂದು ಎಣಿಸಿ. ಉಳಿದದ್ದು ಹೆಚ್ಚಾಗಿದ್ದರೆ ಖುಷಿ ಪಡಬೇಡಿ, ಯಾಕೆ ಎಂದು ಕೇಳಿ. ಓದು ಬರಹ ಕಲಿತದ್ದರ ಉಪಯೋಗ ಇದಕ್ಕಿಂತ ಹತ್ತಿರದಲ್ಲಿ ಇನ್ನೆಲ್ಲಿದೆ?

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಬಡ ಮಕ್ಕಳ ಪುಸ್ತಕಕ್ಕೆ, ಫೀಗೆ ನಾವು ಕೈಲಾದಷ್ಟು ಸಹಾಯ ಮಾಡುತ್ತೇವೆ. ಆ ಫೀ ತುಂಬಲು ಯಾವ ತಾಯಿ ತನ್ನ ಮಾತ್ರೆಯನ್ನು ಅರ್ಧ ಮಾಡಿದ್ದಾಳೆ ಎಂಬುದನ್ನೂ ವಿಚಾರಿಸೋಣ. ಝಕಾತ್, ಸದಕಾದ ಹಣದಲ್ಲಿ ಒಂದು ಪಾಲು ಅರ್ಹರ ತಿಂಗಳ ಔಷಧಕ್ಕೂ ಸಲ್ಲಲಿ. ನೆರೆಮನೆಯವರು ಯಾವ ಜಾತಿಯವರಾದರೂ ನಮ್ಮ ಸಹಾಯ ಅವರನ್ನೂ ತಲುಪಲಿ. ತಿಂಗಳಿಗೊಮ್ಮೆ ಪೇಟೆಗೆ ಹೋಗುವ ಒಬ್ಬ ಯುವಕ ಹತ್ತು ಮನೆಯ ಚೀಟಿ ಹಿಡಿದು ಹೋದರೆ ಹತ್ತು ಮಂದಿಯ ಕೂಲಿ ಉಳಿಯುತ್ತದೆ.

ಅಮ್ಮಿಯ ಆ ಪೊಟ್ಟಣವನ್ನು ನಾನು ಎಸೆದಿಲ್ಲ. ನನ್ನ ಮೇಜಿನ ಖಾನೆಯಲ್ಲಿದೆ. ಈಗ ಪ್ರತಿ ತಿಂಗಳ ಮೊದಲ ತಾರೀಕಿಗೆ ಅಮ್ಮಿಯ ಎದುರಿಗೇ ಕುಳಿತು ಮಾತ್ರೆ ಎಣಿಸುತ್ತೇನೆ. "ನನ್ನನ್ನೂ ಪರೀಕ್ಷೆಗೆ ಕೂರಿಸಿದೆಯಾ?" ಎಂದು ಅವರು ನಗುತ್ತಾರೆ. ಪರೀಕ್ಷೆ ಅವರದಲ್ಲ, ನನ್ನದು. ನಿಮ್ಮ ಮನೆಯಲ್ಲೂ ಆ ಲೆಕ್ಕ ಇಂದೇ ಶುರುವಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.