ಹೊಗೆಯ ಫಿಲ್ಟರು ಕಳಚುವ ಮುನ್ನ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಕೆಲವರು ಸೆಕೆಂಡ್‌ಹ್ಯಾಂಡ್ ಡೀಸೆಲ್ ಕಾರು ಕೊಂಡಿದ್ದೇವೆ. ಎಂಜಿನ್ನಿಗೆ ಟರ್ಬೊ ಉಂಟು. ಹೊಗೆಯ ರಭಸಕ್ಕೆ ತಿರುಗಿ ಒಳಕ್ಕೆ ಹೆಚ್ಚು ಗಾಳಿ ತಳ್ಳುವ ಚಕ್ರವದು. ಸಾಫ್ಟ್‌ವೇರ್ ತಿದ್ದಿಸಿ ಇನ್ನಷ್ಟು ಜೋರು ಬರಿಸಿಕೊಂಡವರಿಗೆ ಮೆಕ್ಯಾನಿಕ್ ಹೇಳುವುದುಂಟು: “ಈಜಿಆರ್ ಮುಚ್ಚಿಬಿಡಿ, ಫಿಲ್ಟರು ತೆಗೆಸಿಬಿಡಿ.”

ಈಜಿಆರ್ ಎಂಬುದು ಸುಟ್ಟ ಅನಿಲದಲ್ಲಿ ಸ್ವಲ್ಪವನ್ನು ಮರಳಿ ಎಂಜಿನ್ನಿಗೆ ಬಿಟ್ಟು ಉರಿಯ ಕಾವು ತಗ್ಗಿಸುತ್ತದೆ. ನೈಟ್ರೋಜನ್ ಆಕ್ಸೈಡು ಕಡಿಮೆಯಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಮೇಲಿನ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರೂ ಇದೆ.

ಅದು ಕಟ್ಟಿಕೊಳ್ಳುತ್ತದೆಂಬ ದೂರು ಸುಳ್ಳಲ್ಲ. ಮಸಿ ಸುಡಲು ಸುಮಾರು 600 ಡಿಗ್ರಿ ಕಾವು ಬೇಕು. ಮಂಜಲ್‌ಪುರದಿಂದ ಮಕರಪುರದ ಕಾರ್ಖಾನೆಗೆ ಹೋಗಿಬರುವಷ್ಟರಲ್ಲಿ ಅದು ಬಾರದು, ದೀಪ ಹತ್ತುತ್ತದೆ. 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಸಾಮಾನ್ಯವಾಗಿ ತಾನೇ ಸುಟ್ಟುಕೊಳ್ಳುತ್ತದೆ. (ಅದೇ ಹೆದ್ದಾರಿ ಹುಬ್ಬಳ್ಳಿಗೂ ಹೋಗುತ್ತದೆ, ರಜೆಗೆ ಊರಿಗೆ ಹೊರಟವರಿಗೆ ಈ ಕೆಲಸ ಪುಕ್ಕಟೆ!) ಆಗಲೂ ದೀಪ ಆರದಿದ್ದರೆ ವರ್ಕ್‌ಶಾಪಿನಲ್ಲಿ ಸುಡಿಸಬಹುದು.

ಕಳಚಿದರೋ? ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2012ರಲ್ಲಿ ಸಾರಿತು. ಸಿಗ್ನಲ್ಲಿನಲ್ಲಿ ಆ ಹೊಗೆಗೆ ಮುಖವೊಡ್ಡಿ ಸೈಕಲ್ಲು, ಸ್ಕೂಟರಿನ ಮೇಲೆ ನಿಲ್ಲುವವರು ಪಾಳಿ ಮುಗಿಸಿದ ನಮ್ಮವರೇ. ಕಾಯಿದೆಯೂ ಬಿಡದು: 2019ರ ತಿದ್ದುಪಡಿಯಂತೆ ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ.

ಇನ್ನೊಂದು ಮಾತು. ಜೊತೆಗಿರುವ ಕೆಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂನಂಥ ಬೆಲೆಬಾಳುವ ಲೋಹವಿದೆ. “ದುಡ್ಡಿಲ್ಲದೆ ತೆಗೆದುಕೊಡುತ್ತೇನೆ” ಎಂದವನನ್ನು, ಕಳಚಿದ್ದು ಯಾರ ಕೈಗೆ ಹೋಗುತ್ತದೆಂದು ತಾವು ಕೇಳಿ ನೋಡಿ.